ಹಿಂಡೆಂಬ ಪಾಠಶಾಲೆ

ವಿಯೆನ್ನಾದ ಸ್ಪ್ಯಾನಿಷ್ ಸವಾರಿಶಾಲೆಯ ಬಿಳಿಯ ಲಿಪಿತ್ಸಾನರ್ ಕುದುರೆಗಳ ನರ್ತನಸದೃಶ ನಡಿಗೆ ಜಗತ್ಪ್ರಸಿದ್ಧವಾದುದು. ಆದರೆ ಅವುಗಳ ಮೊದಲ ಗುರು ಸವಾರನಲ್ಲ, ಹಿಂಡು.

ಇಂದಿನ ಸ್ಲೊವೇನಿಯದ ಲಿಪಿತ್ಸದಲ್ಲಿ 1580ರಲ್ಲಿ ಸ್ಥಾಪನೆಯಾದ ಅಶ್ವಪಾಲನಾ ಕೇಂದ್ರವೇ ಈ ತಳಿಯ ತವರು. ಮೊದಲನೆಯ ಮಹಾಯುದ್ಧದಲ್ಲಿ ಸಾಮ್ರಾಜ್ಯ ಒಡೆದ ಮೇಲೆ, ಆಸ್ಟ್ರಿಯದ ಪಾಲಿನ ಕುದುರೆಗಳು 1920ರಲ್ಲಿ ಪೀಬರ್ ಗ್ರಾಮ ಸೇರಿದವು. ಅಲ್ಲಿ ಸುಮಾರು ಆರು ತಿಂಗಳಿಗೆ ಮರಿಗಳ ಹಾಲು ಬಿಡಿಸಿ, ಓರಗೆಯವುಗಳೊಡನೆ ಬೆಳೆಸುತ್ತಾರೆ. ಬೇಸಗೆಯಲ್ಲಿ ಎಳೆಯ ಗಂಡುಕುದುರೆಗಳು ಆಲ್ಪ್ಸ್ ಪರ್ವತದ ಹುಲ್ಲುಗಾವಲನ್ನೇರುತ್ತವೆ. ಕಲ್ಲುನೆಲದಲ್ಲಿ ಗೊರಸು, ಕೀಲು, ಶ್ವಾಸಕೋಶಗಳು ಬಲಿಯುತ್ತವೆ. ಆಟದಲ್ಲಿ ಮಿತಿಮೀರಿ ಕಚ್ಚಿದ ಮರಿಗೆ ಜೊತೆಗಾರನ ಒದೆಯೇ ಉತ್ತರ. ಕಿವಿ ಹಿಂದಕ್ಕೆ ಮಡಿಚಿದವನಿಂದ ದೂರ ಸರಿಯಬೇಕೆಂಬುದನ್ನು ಅವು ಅಲ್ಲಿಯೇ ಅರಿಯುತ್ತವೆ. ಸವಾರಿಯ ಶಿಕ್ಷಣ ಆರಂಭವಾಗುವುದು ಸುಮಾರು ನಾಲ್ಕನೆಯ ವರ್ಷದಲ್ಲಿ.

ಎರಡನೆಯ ಮಹಾಯುದ್ಧದಲ್ಲಿ ಈ ಪರಂಪರೆಯೇ ಅಳಿಯುವಂತಿತ್ತು. ಬೊಹೀಮಿಯದ ಹೊಸ್ಟೌಗೆ ಸಾಗಿಸಲ್ಪಟ್ಟಿದ್ದ ಹೆಣ್ಣುಕುದುರೆಗಳನ್ನೂ ಮರಿಗಳನ್ನೂ 1945ರಲ್ಲಿ ಅಮೆರಿಕದ ಸೈನಿಕರು ರಕ್ಷಿಸಿದರು. 1952ರಲ್ಲಿ ಅವು ಪೀಬರ್‌ಗೆ ಮರಳಿದವು.

ಒಂಟಿಯಾಗಿ ಬೆಳೆದ ಮರಿಗೆ ತನ್ನವರ ಭಾಷೆಯೇ ಅಪರಿಚಿತ. ತುಂಟ ಹುಡುಗನನ್ನು ಗೆಳೆಯರಿಂದ ಬೇರ್ಪಡಿಸಿ ಮೂಲೆಯಲ್ಲಿ ಕೂರಿಸುತ್ತಿದ್ದ ನನ್ನ ಶಿಸ್ತನ್ನು ನೆನೆದು ಇಂದು ನಾಚುತ್ತೇನೆ. ಆ ಮೂಲೆಯಲ್ಲಿ ಕುಳಿತವರು ಇದನ್ನು ಓದುತ್ತಿದ್ದರೆ, ಮನ್ನಿಸಿರಿ.