ಗಾಲ್ಫ್ ಆಡದವರ ಗಾಲ್ಫ್ ಮೊಣಕೈ

ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ಕಳೆದ ಬೇಸಗೆಯಲ್ಲಿ ಬೆಳ್ತಂಗಡಿಯ ಮನೆಗೆ ಬಂದಾಗ ಬಲಮೊಣಕೈಗೆ ಅಗಲವಾದ ಪಟ್ಟಿಯೊಂದನ್ನು ಬಿಗಿದುಕೊಂಡಿದ್ದ. "ಏನಾಯಿತಪ್ಪಾ?" ಎಂದು ಕೇಳಿದೆ. "ಗಾಲ್ಫರ್ಸ್ ಎಲ್ಬೋ, ಮಾವ" ಎಂದ. ಮೊಣಕೈಯ ಒಳಬದಿಯ ಎಲುಬಿನ ಗುಬುಟನ್ನು ಒತ್ತಿ ತೋರಿಸಿದ. ಆ ಕ್ಷಣದಲ್ಲಿ ನನ್ನ ಕಣ್ಣೆದುರು ಬಂದುದು ಬೇರೊಂದು ಮೊಣಕೈ. ಅದೇ ಜಾಗವನ್ನು ಹೀಗೆಯೇ ಒತ್ತಿ ತೋರಿಸಿದ್ದವರು ನಮ್ಮ ತೋಟದಲ್ಲಿ ವರ್ಷಾನುವರ್ಷ ಮದ್ದಿನ ಪಂಪು ಜಗ್ಗುತ್ತಿದ್ದ ಹಿರಿಯರು. ಅವರಿಗೆ ಗಾಲ್ಫ್ ಎಂಬ ಶಬ್ದವೇ ತಿಳಿದಿರಲಿಲ್ಲ.

ಈ ನೋವಿಗೆ ಹೆಸರು ಬಂದ ಕಥೆ ಸ್ವಾರಸ್ಯಕರವಾಗಿದೆ. ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಝಿನಿ 1700ರಲ್ಲಿ ದುಡಿಯುವವರ ಕಾಯಿಲೆಗಳ ಕುರಿತು ಗ್ರಂಥವೊಂದನ್ನು ಪ್ರಕಟಿಸಿದ. ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ "ನಿನ್ನ ಕಸುಬೇನು?" ಎಂಬುದನ್ನೂ ಕೇಳಬೇಕೆಂದು ವೈದ್ಯರಿಗೆ ಹೇಳಿದವನು ಅವನು. ಬರೆದು ಬರೆದು ಬಲಗೈ ಸೋತುಹೋದ ದಸ್ತಾವೇಜು ಬರಹಗಾರನೊಬ್ಬನ ಪ್ರಸಂಗ ಅವನ ಬರಹದಲ್ಲಿದೆ. ಆತ ಎಡಗೈಯಲ್ಲಿ ಬರೆಯಲು ಕಲಿತ, ಕೆಲಕಾಲದ ಬಳಿಕ ಅದಕ್ಕೂ ಅದೇ ಗತಿ ಬಂತು. ಮೊಣಕೈಯ ಹೊರಬದಿಯ ನೋವನ್ನು ವೈದ್ಯಸಾಹಿತ್ಯದಲ್ಲಿ ಮೊದಲಾಗಿ ವರ್ಣಿಸಿದ ಶ್ರೇಯಸ್ಸನ್ನು 1873ರಲ್ಲಿ ಬರೆದ ಜರ್ಮನಿಯ ರುಂಗೆಗೆ ಕೊಡುತ್ತಾರೆ. ಅವನ ಲೇಖನವೂ ಬರೆಯುವವರ ಕೈಸೆಡೆತದ ಬಗೆಗೇ. ಮೂರು ದಶಕ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣ ಉಜ್ಜಿದ ನನಗೆ ಇದನ್ನು ಓದಿ ಒಂದು ಬಗೆಯ ಸಮಾಧಾನವೇ ಆಯಿತೆನ್ನಬೇಕು.

ಆದರೆ ಹತ್ತೇ ವರ್ಷಗಳಲ್ಲಿ ಬರಹಗಾರ ಬದಿಗೆ ಸರಿದ. ಇಂಗ್ಲೆಂಡಿನ ಸಿರಿವಂತರಲ್ಲಿ ಹುಲ್ಲುಹಾಸಿನ ಟೆನಿಸ್ ಹರಡಿದ ಕಾಲವದು. 1883ರ ಹೊತ್ತಿಗೆ ಅಲ್ಲಿಯ ವೈದ್ಯಪತ್ರಿಕೆಗಳಲ್ಲಿ 'ಲಾನ್ ಟೆನಿಸ್ ಎಲ್ಬೋ' ಎಂಬ ಹೆಸರು ಕಾಣಿಸಿಕೊಂಡಿತು. ಒಳಬದಿಯ ನೋವು ಮುಂದೆ ಗಾಲ್ಫಿನ ಪಾಲಿಗೆ ಬಂತು. 2004ರಲ್ಲಿ ಸಚಿನ್ ತೆಂಡುಲ್ಕರ್ ಆಟದಿಂದ ಹೊರಗುಳಿದು, 2005ರಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ನಮ್ಮ ಹಳ್ಳಿಯ ಮಕ್ಕಳ ಬಾಯಲ್ಲೂ 'ಟೆನಿಸ್ ಎಲ್ಬೋ' ನಲಿದಾಡಿತು. ಅಂದು ನನ್ನ ತರಗತಿಯಲ್ಲಿದ್ದವರಿಗೆ ನೆನಪಿರಬಹುದು.

ಗಾಲ್ಫ್ ನಮಗೆ ತೀರ ದೂರದ್ದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಷ್ಟು ಹಳೆಯದು. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವಾಗ ವಾಮಂಜೂರಿನ ಬಳಿ ಸಿಗುವ ಪಿಲಿಕುಳದಲ್ಲೂ ಒಂದು ಗಾಲ್ಫ್ ಮೈದಾನವಿದೆ. ಆದರೂ ನಮ್ಮ ಮೂರು ಊರುಗಳ ಮೊಣಕೈಗಳನ್ನು ಸವೆಸಿದ್ದು ಬೇರೊಂದು ಚರಿತ್ರೆ.

ಅಡಿಕೆಗೆ ಬರುವ ಕೊಳೆರೋಗವನ್ನು ನಮ್ಮ ಕಡೆ ಮಹಾಳಿ ಎನ್ನುತ್ತೇವೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದನ್ನು ಅಭ್ಯಸಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ಸಿದ್ಧವಾಗಿದ್ದ ಬೋರ್ಡೋ ದ್ರಾವಣ ಹೀಗೆ ಅಡಿಕೆಗೊನೆಯನ್ನೇರಿತು. ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದರೂ ಮದ್ದು ಗಡಿಯನ್ನು ಲೆಕ್ಕಿಸಲಿಲ್ಲ. 1956ರಲ್ಲಿ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರವೇ ಆರಂಭವಾಯಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಬಳಿಕ ಮತ್ತೊಮ್ಮೆ. ಇದು ನಮಗೆಲ್ಲ ಬಾಯಿಪಾಠ. ಮರದ ಮೇಲಿದ್ದವನ ಕಷ್ಟ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಕೆಳಗೆ ನಿಂತು ಬೆಳಗಿನಿಂದ ಸಂಜೆಯವರೆಗೆ ಕೈಪಂಪಿನ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಜಗ್ಗುತ್ತಿದ್ದವನನ್ನು ಯಾರೂ ಗಮನಿಸುತ್ತಿರಲಿಲ್ಲ.

"ಮಾಸ್ಟ್ರೇ, ಇಲ್ಲಿ ಒತ್ತಿ ನೋಡಿ, ಜೀವ ಹೋಗುತ್ತದೆ" ಎಂದಿದ್ದರು ಅವರು. ಎರಡನೆಯ ಮದ್ದಿನ ಸಮಯ, ಅಪರೂಪಕ್ಕೆ ಮಳೆ ಬಿಡುವು ಕೊಟ್ಟಿತ್ತು. ನಾನು ತೈಲದ ಬಾಟಲಿಯನ್ನು ಕೊಟ್ಟು, "ನಾಳೆ ಮಾತ್ರ ತಪ್ಪಿಸಬೇಡಿ" ಎಂದೆ. ಅವರು ತಪ್ಪಿಸಲಿಲ್ಲ. ಮರುವರ್ಷದಿಂದ ಅವರಿಗೆ ತುಂಬಿದ ಕೊಡಪಾನವನ್ನು ಆ ಕೈಯಲ್ಲಿ ಎತ್ತಲಾಗುತ್ತಿರಲಿಲ್ಲ.

ಅಳಿಯನಿಗೆ ಚಿಕಿತ್ಸೆ ನೀಡಿದ ಫಿಸಿಯೋಥೆರಪಿಸ್ಟ್ ಹೇಳಿದ್ದನ್ನು ಕೇಳಿ, ಆಮೇಲೆ ಓದಿ ತಿಳಿದದ್ದಿಷ್ಟು. ಮಣಿಕಟ್ಟನ್ನು ಅಂಗೈಯ ಕಡೆಗೆ ಮಡಿಸುವ, ಹಿಡಿಯನ್ನು ಬಿಗಿಯುವ ಸ್ನಾಯುಗಳೆಲ್ಲ ಮೊಣಕೈಯ ಒಳಗುಬುಟಿಗೆ ಅಂಟಿಕೊಂಡಿವೆ; ಮಣಿಕಟ್ಟನ್ನು ಮೇಲಕ್ಕೆತ್ತುವವು ಹೊರಗುಬುಟಿಗೆ. ಸಾವಿರಾರು ಬಾರಿ ಎಳೆದಾಗ ಅಲ್ಲಿಯ ಸ್ನಾಯುರಜ್ಜು ದುರಸ್ತಿಯಾಗುವುದಕ್ಕಿಂತ ವೇಗವಾಗಿ ಸವೆಯುತ್ತದೆ. ವಿಚಿತ್ರವೆಂದರೆ ಹವ್ಯಾಸಿ ಗಾಲ್ಫ್ ಆಟಗಾರರಲ್ಲಿ ಹೊರಬದಿಯ ನೋವೇ, ಅಂದರೆ 'ಟೆನಿಸ್' ನೋವೇ ಹೆಚ್ಚಂತೆ! ಇದು ಬರಿಯ ಉರಿಯೂತವಲ್ಲ, ರಜ್ಜುವಿನ ನೇಯ್ಗೆಯೇ ಕೆಡುವುದು ಎಂಬುದನ್ನು ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ನಿರ್ಶಲ್ 1979ರಿಂದೀಚೆಗೆ ತೋರಿಸಿಕೊಟ್ಟರು. ಆದ್ದರಿಂದಲೇ "ಒಂದು ಸೂಜಿ ಹಾಕಿಸಿದರೆ ಸರಿಹೋಗುತ್ತದೆ" ಎಂಬ ನಮ್ಮ ನಂಬಿಕೆ ಅರ್ಧಸತ್ಯ. ಹೊರಬದಿಯ ನೋವಿನ ಬಗ್ಗೆ ಆಸ್ಟ್ರೇಲಿಯಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟೀರಾಯ್ಡ್ ಸೂಜಿ ಪಡೆದವರು ಆರು ವಾರಗಳಲ್ಲಿ ಎಲ್ಲರಿಗಿಂತ ಚೆನ್ನಾಗಿದ್ದರು. ಆದರೆ ನೋವು ಮರುಕಳಿಸಿದ್ದೂ ಅವರಲ್ಲೇ ಹೆಚ್ಚು.

ಹಾಗಾದರೆ ಮಾಡಬೇಕಾದುದೇನು? ಕೈಯನ್ನು ಪೂರ್ತಿ ಕಟ್ಟಿಹಾಕುವುದಲ್ಲ, ನೋಯಿಸುವ ಕೆಲಸವನ್ನು ಕೆಲಕಾಲ ತಗ್ಗಿಸುವುದು. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಮೇಲ್ಮುಖವಾಗಿ ಅರ್ಧ ಲೀಟರಿನ ನೀರಿನ ಬಾಟಲಿಯನ್ನು ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟನ್ನು ಮೇಲೆತ್ತಿ, ಆಮೇಲೆ ಒಂಟಿ ಕೈಯಲ್ಲೇ ನಿಧಾನವಾಗಿ ಇಳಿಸಬೇಕು. ಹೊರಬದಿ ನೋಯುವವರು ಅಂಗೈಯನ್ನು ಕೆಳಮುಖವಾಗಿಸಿ ಇದನ್ನೇ ಮಾಡಬೇಕು. ಅಲ್ಪಸ್ವಲ್ಪ ನೋವಾದರೆ ಹೆದರಬೇಕಿಲ್ಲ, ಆದರೆ ಎರಡು ಮೂರು ತಿಂಗಳ ತಾಳ್ಮೆ ಬೇಕು. ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ, ಕೀಲು ಬಾತು ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ತೋಳುನೋವಿನೊಡನೆ ಎದೆ ಹಿಂಡಿದಂತಾದರೆ ಅದು ಮೊಣಕೈಯ ಮಾತೇ ಅಲ್ಲ, ನೇರ ಆಸ್ಪತ್ರೆಗೆ. ಗಾಲ್ಫ್ ಆಡುವವರಿಗೆ ಹೇಳುವ ಎಚ್ಚರಿಕೆಗಳೂ ಸರಳ: ಕೋಲನ್ನು ಉಡದ ಹಾಗೆ ಬಿಗಿಹಿಡಿಯಬೇಡಿ, ನೆಲಕ್ಕೆ ಬಡಿಯಬೇಡಿ, ಆಡುವ ಮೊದಲು ಕೈಯನ್ನು ಸಡಿಲಗೊಳಿಸಿ, ಒಮ್ಮೆಗೇ ನೂರಾರು ಹೊಡೆತ ಬೇಡ. ಪಂಪಿನವರಿಗೂ ಇದನ್ನೇ ಹೇಳಬಹುದಿತ್ತು. ಅರ್ಧ ಗಂಟೆಗೊಮ್ಮೆ ಆಳು ಬದಲಾಯಿಸಿದ್ದರೆ ನಮಗೆ ಒಂದು ದಿನದ ಸಂಬಳ ಹೆಚ್ಚು ಹೋಗುತ್ತಿತ್ತು, ಅಷ್ಟೆ.

ಈಗ ಬಹುತೇಕ ತೋಟಗಳಲ್ಲಿ ಯಂತ್ರದ ಪಂಪು ಬಂದಿದೆ. ಈಚೆಗೆ ಕಾರ್ಬನ್ ಫೈಬರಿನ ದೋಟಿಯಿಂದ ನೆಲದಲ್ಲಿ ನಿಂತೇ ಮದ್ದು ಬಿಡುತ್ತಾರೆ. ಅದು ಭುಜ, ಕುತ್ತಿಗೆಗಳ ಹೊಸ ಅಧ್ಯಾಯ.

ಅಳಿಯ ಹಿಂತಿರುಗಿದ ಮೇಲೆ ಆ ಹಿರಿಯರ ಮನೆಗೆ ಹೋದೆ. ವಯಸ್ಸು ಎಂಬತ್ತರ ಮೇಲಾಗಿದೆ. ಬಾಟಲಿಯ ವ್ಯಾಯಾಮವನ್ನು ತೋರಿಸಿದಾಗ ನಕ್ಕು, "ಇನ್ನು ಯಾವ ಪಂಪಿಗೆ ಮಾಸ್ಟ್ರೇ?" ಎಂದರು. ಜಗಲಿಯ ಮೂಲೆಯಲ್ಲಿ ಅವರ ಸೊಸೆ ಮಡಿಲಲ್ಲಿ ತಡ್ಪೆಯಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಸಾವಿರಕ್ಕೆ ಇಷ್ಟು ಎಂದು ಮಜೂರಿ ಸಿಗುವ ಕೆಲಸ, ಕೈ ನಿಲ್ಲಿಸುವಂತಿಲ್ಲ. ಕೆಲಸದ ನಡುವೆಯೇ ತಲೆಯೆತ್ತಿ, "ನನಗೆ ಹೊರಬದಿಯಲ್ಲಿ ನೋಯುವುದು ಸರ್" ಎಂದರು. ಬಾಟಲಿಯನ್ನು ಅವರ ಕೈಗೆ ಕೊಟ್ಟು, ಅಂಗೈಯನ್ನು ಕೆಳಗೆ ಮಾಡಿ ಹಿಡಿಯಲು ಹೇಳಿದೆ.