ಇಲ್ಲದ ಕಾಲು ಯಾರಿಗೆ ನೋಯುತ್ತೆ?

ಮೊಣಕಾಲಿನ ಕೆಳಗೆ ಏನೂ ಇಲ್ಲ. ಆದರೂ ಪಾದ ಉರಿಯುತ್ತೆ, ಹೆಬ್ಬೆರಳನ್ನ ಯಾರೋ ತಿರುಚಿದ ಹಾಗಾಗುತ್ತೆ. ಹೀಗೆ ಹೇಳಿದವರನ್ನ ಪೂರ್ತಿ ನಂಬೋಕೆ ವೈದ್ಯಲೋಕಕ್ಕೆ ನೂರಾರು ವರ್ಷ ಬೇಕಾಯ್ತು. ನಂಬಿದ ಮೇಲೆ ಅದಕ್ಕಿಂತ ಕಷ್ಟದ ಪ್ರಶ್ನೆ ಎದುರಾಯ್ತು. ಒಂದೇ ಜಾಗದಲ್ಲಿ ಕಾಲು ಕಳ್ಕೊಂಡ ಇಬ್ಬರಲ್ಲಿ ಒಬ್ಬನಿಗೆ ರಾತ್ರಿಯಿಡೀ ನಿದ್ದೆಯಿಲ್ಲ, ಇನ್ನೊಬ್ಬನಿಗೆ ಬರೀ ಜುಮ್ಮು. ಯಾಕೆ?

16ನೇ ಶತಮಾನದಲ್ಲಿ ಫ್ರಾನ್ಸಿನ ಸೇನೆಯ ಶಸ್ತ್ರವೈದ್ಯ ಆಂಬ್ರಾಸ್ ಪಾರೆ ಈ ನೋವಿನ ಬಗ್ಗೆ ಮೊದಲಿಗೆ ಬರೆದವರಲ್ಲಿ ಒಬ್ಬ. ಆದರೆ ಇದಕ್ಕೆ ಹೆಸರು ಬಂದಿದ್ದು ಅಮೆರಿಕದ ಅಂತರ್ಯುದ್ಧದ ನಂತರ. ಫಿಲಡೆಲ್ಫಿಯಾದ ನರವೈದ್ಯ ಸೈಲಸ್ ವಿಯರ್ ಮಿಚೆಲ್ ಗಾಯಾಳು ಸೈನಿಕರನ್ನ ಹತ್ತಿರದಿಂದ ನೋಡಿದ್ದ. 1866ರಲ್ಲಿ ಅದನ್ನೇ ಕಥೆ ಮಾಡಿ, ತನ್ನ ಹೆಸರಿಲ್ಲದೆ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ನಾಲ್ಕೂ ಕೈಕಾಲು ಕಳ್ಕೊಂಡ ಸೈನಿಕನ ಕಥೆ ಅದು. ಓದಿದವರು ನಿಜ ಅಂದ್ಕೊಂಡು ಆ ಸೈನಿಕನಿಗೆ ದುಡ್ಡು ಕಳಿಸಿದರು! 1871ರಲ್ಲಿ ಮಿಚೆಲ್ ಇದನ್ನ ‘ಫ್ಯಾಂಟಮ್ ಲಿಂಬ್’, ಅಂದ್ರೆ ಭೂತದಂಥ ಅಂಗ, ಅಂತ ಕರೆದ. ಅವನು ವಿಚಾರಿಸಿದ 90 ಜನರಲ್ಲಿ ಅಂಥ ಅನುಭವವೇ ಇಲ್ಲ ಅಂದವರು ನಾಲ್ಕೇ ಮಂದಿ.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಅಂಗ ಇನ್ನೂ ಇದೆ ಅನ್ನಿಸೋದು ಬೇರೆ, ಅದು ನೋಯೋದು ಬೇರೆ. ಮೊದಲನೆಯದು ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತೆ. ಎರಡನೆಯದರಲ್ಲೇ ಒಬ್ಬೊಬ್ಬರದು ಒಂದೊಂದು ಥರ.

ಕತ್ತರಿಸಿದ ನರದ ತುದಿ ಗಂಟು ಕಟ್ಟುತ್ತೆ, ನೋವು ಅಲ್ಲಿಂದಲೇ ಬರುತ್ತೆ ಅಂತ ವೈದ್ಯರು ಅಂದ್ಕೊಂಡರು. ಉಳಿದ ಮೋಟನ್ನ ಮತ್ತೆ ಕೊಯ್ದರು. ಎಷ್ಟೋ ಜನರಿಗೆ ನೋವು ಹೋಗಲಿಲ್ಲ. ಆಗ ಉಳಿದ ಸುಲಭದ ಉತ್ತರ, ‘ಇದು ಮನಸ್ಸಿನ ಭ್ರಮೆ’. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ‘ನನ್ನ ಮೆಷಿನ್‌ನಲ್ಲಿ ಸರಿಯಾಗೇ ಓಡ್ತಿದೆಯಲ್ಲ’ ಅಂತೀವಲ್ಲ, ಹಾಗೆ. 1984ರಲ್ಲಿ ಅಮೆರಿಕದ ಮಾಜಿ ಸೈನಿಕರ ಸಮೀಕ್ಷೆಯೊಂದು ಬಂತು. ಉತ್ತರಿಸಿದ ಸುಮಾರು 2,700 ಮಂದಿಯಲ್ಲಿ ಶೇ. 78ರಷ್ಟು ಜನ ನೋವಿದೆ ಅಂದರು. ಅಷ್ಟು ಜನರದ್ದೂ ಭ್ರಮೆ ಅನ್ನೋಕಾಗುತ್ತಾ?

ಆಮೇಲೆ ಹುಡುಕಾಟ ಮಿದುಳಿನ ಕಡೆ ತಿರುಗಿತು. ಮಿದುಳಿನಲ್ಲಿ ದೇಹದ ಒಂದು ನಕ್ಷೆ ಇರುತ್ತೆ. ಅದರಲ್ಲಿ ಕೈಯ ಜಾಗದ ಪಕ್ಕದಲ್ಲೇ ಮುಖದ ಜಾಗ. 1995ರಲ್ಲಿ ಜರ್ಮನಿಯ ಹೆರ್ತಾ ಫ್ಲೋರ್ ಮತ್ತು ಸಂಗಡಿಗರು ಕೈ ಕಳ್ಕೊಂಡ 13 ಜನರನ್ನ ಪರೀಕ್ಷಿಸಿದರು. ಖಾಲಿಯಾದ ಕೈಯ ಜಾಗದತ್ತ ಮುಖದ ಜಾಗ ಎಷ್ಟು ಸರಿದಿತ್ತೋ ನೋವೂ ಅಷ್ಟೇ ಜಾಸ್ತಿ ಇತ್ತು. ಮದರಾಸಿನಲ್ಲಿ ವೈದ್ಯಕೀಯ ಓದಿದ ವಿ. ಎಸ್. ರಾಮಚಂದ್ರನ್ ಅದೇ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಾದಾ ಕನ್ನಡಿ ಇಟ್ಟು, ಇರೋ ಕೈಯ ಬಿಂಬವನ್ನ ಇಲ್ಲದ ಕೈಯ ಜಾಗದಲ್ಲಿ ತೋರಿಸಿದರು. ಕೆಲವರಿಗೆ ನೋವು ಇಳಿಯಿತು, ಕೆಲವರಿಗೆ ಇಲ್ಲ.

ಅಂತೂ ಉತ್ತರ ಸಿಕ್ತು ಅನ್ನೋಷ್ಟರಲ್ಲಿ, 2013ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ತಮಾರ್ ಮಾಕಿನ್ ತಂಡಕ್ಕೆ ಉಲ್ಟಾ ಕಂಡಿತು. ನೋವು ಜಾಸ್ತಿ ಇದ್ದವರಲ್ಲೇ ಇಲ್ಲದ ಕೈಯ ನಕ್ಷೆ ಹೆಚ್ಚು ಗಟ್ಟಿಯಾಗಿ ಉಳಿದಿತ್ತು! ಕತ್ತರಿಸೋ ಮುಂಚೆ ತುಂಬಾ ನೋವು ತಿಂದವರಿಗೆ ಆಮೇಲೂ ನೋವು ಬರೋ ಸಾಧ್ಯತೆ ಜಾಸ್ತಿ ಅಂತ ಗೊತ್ತಾಗಿತ್ತು. ಹಾಗಾದ್ರೆ ಮುಂಚೆಯೇ ಬೆನ್ನುಹುರಿಯ ಹತ್ತಿರ ಮದ್ದು ಕೊಟ್ಟು ಆ ನೋವನ್ನ ತಡೆದರೆ? ಡೆನ್ಮಾರ್ಕಿನ ವೈದ್ಯರು ಅದನ್ನೂ ಮಾಡಿ ನೋಡಿದರು. 1997ರಲ್ಲಿ ಬಂದ ಫಲಿತಾಂಶದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ.

ನರದ ತುದಿ, ಬೆನ್ನುಹುರಿ, ಮಿದುಳು, ಹಳೇ ನೋವು, ಮನಸ್ಸಿನ ಒತ್ತಡ. ಇವುಗಳ ಪಾಲು ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುತ್ತೆ ಅನ್ನೋದು ಈಗಿನ ತಿಳುವಳಿಕೆ. ಆದರೆ ಇಷ್ಟೆಲ್ಲಾ ಯಂತ್ರಗಳು ಬಂದ ಮೇಲೂ ನೋವನ್ನ ಅಳೆಯೋ ಮುಖ್ಯ ವಿಧಾನ ಒಂದೇ: ‘ಸೊನ್ನೆಯಿಂದ ಹತ್ತರೊಳಗೆ ಎಷ್ಟು ನೋವಿದೆ, ಹೇಳಿ’ ಅಂತ ಕೇಳೋದು. ಒಬ್ಬ ಎಂಟು ಅಂತಾನೆ, ಪಕ್ಕದವನು ಒಂದು ಅಂತಾನೆ. ಆ ಎಂಟನ್ನೂ ಒಂದನ್ನೂ ನಂಬಿ ಬರ್ಕೊಂಡಾಗಲೇ ಸಂಶೋಧನೆ ಶುರುವಾಗೋದು.