ಬ್ರೇಕು ಹೊಗೆಯಾಡಿದ ಬೆಟ್ಟ

ಸೈಕಲ್ ಕಲಿಯುವಾಗ ನಮಗೆಲ್ಲ ಸಿಗೋ ಮೊದಲ ಉಪದೇಶ ಒಂದೇ: "ಮುಂದಿನ ಬ್ರೇಕ್ ಮುಟ್ಬೇಡ, ಪಲ್ಟಿ ಹೊಡೀತೀಯ." ಅಣ್ಣ ಹೇಳಿರ್ತಾನೆ, ಇಲ್ಲವೇ ಪಕ್ಕದ ಮನೆ ಅಂಕಲ್. ಇಪ್ಪತ್ತು ವರ್ಷ ಕಳೆದು, ಕೈಗೆ ಸಂಬಳ ಬಂದು, ದಪ್ಪ ಟೈರಿನ ಮೌಂಟನ್ ಬೈಕ್ ಕೊಂಡು, ಭಾನುವಾರ ಬೆಳಿಗ್ಗೆ ಊರಾಚೆಯ ಮಣ್ಣಿನ ಇಳಿಜಾರಿನಲ್ಲಿ ನಿಂತಾಗಲೂ ನಮ್ಮ ಬೆರಳುಗಳು ಆ ಮಾತನ್ನೇ ಪಾಲಿಸುತ್ತವೆ. ಬರೀ ಹಿಂದಿನ ಬ್ರೇಕ್ ನಂಬಿ ಬೆಟ್ಟ ಇಳಿದರೆ ಏನಾಗುತ್ತೆ? ಮೌಂಟನ್ ಬೈಕ್ ಹುಟ್ಟಿದ ಕಥೆಯಲ್ಲೇ ಇದಕ್ಕೆ ಉತ್ತರವಿದೆ.

ಸ್ಯಾನ್ ಫ್ರಾನ್ಸಿಸ್ಕೊದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಮರಿನ್ ಕೌಂಟಿ. 1970ರ ದಶಕದಲ್ಲಿ ಅಲ್ಲಿನ ಕೆಲವು ಯುವಕರಿಗೆ ಹಳೇ ಸೈಕಲ್ಲುಗಳ ಹುಚ್ಚು ಹಿಡಿದಿತ್ತು. ಹುಡುಕಿ ತರುತ್ತಿದ್ದದ್ದು ಮುಖ್ಯವಾಗಿ 1930-40ರ ದಶಕದ ಶ್ವಿನ್ ಕಂಪನಿಯ ಸೈಕಲ್ಲುಗಳನ್ನು. ಭಾರೀ ತೂಕ, ಊದಿಕೊಂಡಂಥ ದಪ್ಪ ಟೈರು. ಅವಕ್ಕೆ ಅವರಿಟ್ಟ ಹೆಸರು 'ಕ್ಲಂಕರ್'. ನಮ್ಮಲ್ಲಾದರೆ 'ಡಕೋಟ' ಅನ್ನುತ್ತಿದ್ದೆವು. ಈ ಡಕೋಟಗಳನ್ನು ಗುಡ್ಡದ ತುದಿಗೆ ಸಾಗಿಸಿ, ಕಲ್ಲು-ಮಣ್ಣಿನ ದಾರಿಯಲ್ಲಿ ಕೆಳಕ್ಕೆ ಬಿಡೋದೇ ಆಟ.

ಆದರೆ ಆ ಸೈಕಲ್ಲುಗಳಲ್ಲಿದ್ದದ್ದು ಕೋಸ್ಟರ್ ಬ್ರೇಕ್. ಹ್ಯಾಂಡಲ್ಲಿನಲ್ಲಿ ಲಿವರ್ ಇಲ್ಲ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂದಿನ ಚಕ್ರದ ಹಬ್ಬಿನೊಳಗೆ ಘರ್ಷಣೆಯಾಗಿ ಸೈಕಲ್ ನಿಧಾನವಾಗುತ್ತೆ. ಸಮತಟ್ಟು ಬೀದಿಯಲ್ಲಿ ಪೇಪರ್ ಹಾಕೋ ಹುಡುಗನಿಗೆ ಅದು ಸಾಕು. ಬೆಟ್ಟಕ್ಕೆ ಸಾಲದು.

ಫೇರ್‌ಫ್ಯಾಕ್ಸ್ ಎಂಬ ಊರಿನ ಹತ್ತಿರದ ಒಂದು ದಾರಿ ಸುಮಾರು 3 ಕಿ.ಮೀ.ಯಲ್ಲಿ 400 ಮೀಟರಿನಷ್ಟು ಕೆಳಗಿಳಿಯುತ್ತದೆ. ಸಣ್ಣ ಲೆಕ್ಕ ಮಾಡೋಣ. ಸವಾರ, ಸೈಕಲ್ ಸೇರಿ 100 ಕೆ.ಜಿ. ಅಂದುಕೊಳ್ಳಿ. ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಒಂದು ಲೀಟರ್ ತಣ್ಣೀರನ್ನು ಕುದಿ ಬರಿಸಲು ಸಾಕು. ಗಾಳಿಯ ತಡೆಗೆ ಒಂದಿಷ್ಟು ಹೋದರೂ ಉಳಿದದ್ದರ ಬಹುಪಾಲು ಶಾಖವಾಗಿ ಸೇರೋದು ಮುಷ್ಟಿಗಾತ್ರದ ಒಂದು ಹಬ್ಬಿಗೆ. ಒಳಗಿನ ಗ್ರೀಸ್ ಸುಟ್ಟು ಹೊಗೆ ಬರುತ್ತಿತ್ತು. ಒಂದು ಸಲ ಇಳಿದರೆ ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕು. ಹಾಗೆ ಮರಳಿ ತುಂಬೋದಕ್ಕೆ ಇಂಗ್ಲಿಷಿನಲ್ಲಿ 'ರೀಪ್ಯಾಕ್'. ಆ ದಾರಿಯ ಹೆಸರೇ ರೀಪ್ಯಾಕ್ ಆಯಿತು!

1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ರೇಸ್ ನಡೆಯಿತು. ನಡೆಸಿದವರು ಚಾರ್ಲಿ ಕೆಲ್ಲಿ. ಮೊದಲ ಗೆಲುವು ಅಲನ್ ಬಾಂಡ್ಸ್ ಎಂಬ ಯುವಕನದ್ದು. ಮುಂದೆ ಗ್ಯಾರಿ ಫಿಶರ್ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದು ದಾಖಲೆ ಮಾಡಿದರು. ಅಂದರೆ ಮಣ್ಣಿನ ದಾರಿಯಲ್ಲಿ ಸರಾಸರಿ ಗಂಟೆಗೆ 40 ಕಿ.ಮೀ.ಗೂ ಹೆಚ್ಚು ವೇಗ.

ಫಿಶರ್ ತಮ್ಮ ಹಳೇ ಸೈಕಲ್ಲಿಗೆ ಗೇರ್ ಸೇರಿಸಿದ್ದರು, ಅದು ಎಲ್ಲರಿಗೂ ಗೊತ್ತಿರೋ ಸಂಗತಿ. ಜೊತೆಗೆ ಡ್ರಮ್ ಬ್ರೇಕ್ ಮತ್ತು ಮೋಟರ್‌ಸೈಕಲ್ಲಿನ ಬ್ರೇಕ್ ಲಿವರ್‌ಗಳನ್ನೂ ಹಾಕಿದ್ದರು. ಗೇರ್ ಇದ್ದರೆ ಬೆಟ್ಟ ಹತ್ತಬಹುದು, ಸರಿ. ಇಳಿಯಲು ಕೈಯಲ್ಲಿ ಹಿಡಿತ ಬೇಕಲ್ಲ? ಅದೇ ಗುಂಪಿನ ಜೋ ಬ್ರೀಝ್ 1977ರಲ್ಲಿ ಹಳೇ ಫ್ರೇಮಿನ ಸಹವಾಸ ಬಿಟ್ಟು, ಬೆಟ್ಟಕ್ಕೆಂದೇ ಹೊಸ ಸೈಕಲ್ ಕಟ್ಟಿದರು. ಅದರಲ್ಲಿ ಎರಡೂ ಚಕ್ರಕ್ಕೆ ಕ್ಯಾಂಟಿಲಿವರ್ ಬ್ರೇಕ್ ಇತ್ತು. ಆ ಮೊದಲ 'ಬ್ರೀಝರ್' ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. 1979ರಲ್ಲಿ ಫಿಶರ್ ಮತ್ತು ಕೆಲ್ಲಿ 'ಮೌಂಟನ್‌ಬೈಕ್ಸ್' ಎಂಬ ಕಂಪನಿ ತೆರೆದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ 'ಸ್ಟಂಪ್‌ಜಂಪರ್' ಅಂಗಡಿಗೆ ಬಂತು. ಆಮೇಲೆ ವಿ-ಬ್ರೇಕ್, ಡಿಸ್ಕ್ ಬ್ರೇಕ್. ಇಪ್ಪತ್ತೇ ವರ್ಷದಲ್ಲಿ, 1996ರ ಅಟ್ಲಾಂಟಾದಲ್ಲಿ, ಇದು ಒಲಿಂಪಿಕ್ ಕ್ರೀಡೆಯೂ ಆಯಿತು.

ಹೊಗೆ ಬರಲಿ, ಬಾರದಿರಲಿ, ಹಿಂದಿನ ಬ್ರೇಕಿನ ಮಿತಿ ಬೇರೆ ಕಡೆ ಇದೆ. ಡ್ರೈವರ್ ಬ್ರೇಕ್ ಹಾಕಿದಾಗ ಬಸ್ಸಿನಲ್ಲಿ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲ, ಸೈಕಲ್ಲಿನಲ್ಲೂ ಅದೇ. ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತೆ, ಹಿಂದಿನದು ಹಗುರಾಗುತ್ತೆ. ಹಗುರಾದ ಚಕ್ರ ನೆಲ ಕಚ್ಚೋದಿಲ್ಲ, ಜಾರುತ್ತೆ. ಹಾಗಾಗಿ ನಿಲ್ಲಿಸುವ ಬಲದ ದೊಡ್ಡ ಪಾಲು ಮುಂದಿನ ಬ್ರೇಕಿನದೇ. ಅಣ್ಣನ ಮಾತಿನಲ್ಲಿ ಅರ್ಧ ಸತ್ಯವಿದೆ: ಗಾಬರಿಯಲ್ಲಿ ಮುಂದಿನದನ್ನು ಗಬಕ್ಕನೆ ಹಿಡಿದರೆ ಪಲ್ಟಿ ಖಂಡಿತ. ಅದಕ್ಕೆ ಪರಿಹಾರ ಅದನ್ನು ಬಿಡೋದಲ್ಲ, ಮೆಲ್ಲಗೆ ಹಿಡಿಯಲು ಕಲಿಯೋದು.

ಇದನ್ನು ಕಲಿಯಲು ಬೆಟ್ಟ ಬೇಡ, ಖಾಲಿ ಮೈದಾನ ಸಾಕು. ಹೆಲ್ಮೆಟ್ ಹಾಕಿ. ಯಾವ ಲಿವರ್ ಯಾವ ಚಕ್ರದ್ದು ಅಂತ ಮೊದಲು ಒತ್ತಿ ನೋಡಿಕೊಳ್ಳಿ. ಎಲ್ಲ ಸೈಕಲ್ಲಿನಲ್ಲೂ ಒಂದೇ ಥರ ಇರೋದಿಲ್ಲ. ನಿಮ್ಮದು ಡಿಸ್ಕ್ ಬ್ರೇಕ್ ಆದರೆ ಲಿವರಿನ ಮೇಲೆ ಒಂದೊಂದೇ ಬೆರಳು ಸಾಕು, ಉಳಿದವು ಹ್ಯಾಂಡಲ್ ಹಿಡಿದಿರಲಿ. ಸೀಟಿನಿಂದ ಎದ್ದು, ಪೆಡಲ್ ಎರಡೂ ಸಮನಾಗಿಟ್ಟು, ಹಿಮ್ಮಡಿ ಕೆಳಕ್ಕೊತ್ತಿ, ಸೊಂಟ ಹಿಂದಕ್ಕೆ, ಕೆಳಕ್ಕೆ ತನ್ನಿ. ಎರಡೂ ಬ್ರೇಕನ್ನು ಹಿಂಡುತ್ತಾ ಹಿಂಡುತ್ತಾ ಬಿಗಿ ಮಾಡಿ. ದಿನಾ ಹತ್ತು ಸಲ ಇದನ್ನೇ ಮಾಡಿದರೆ ಬೆರಳಿಗೆ ಅಳತೆ ಸಿಗುತ್ತೆ. ಆಮೇಲೆ ಸಣ್ಣ ಇಳಿಜಾರು. ತಿರುವಿನ ಒಳಗೆ ಹೋದಮೇಲೆ ಅಲ್ಲ, ತಿರುವಿಗೆ ಮುಂಚೆ, ನೇರ ದಾರಿಯಲ್ಲೇ ವೇಗ ಇಳಿಸಿ. ಒದ್ದೆ ಬೇರು, ಉದುರು ಜಲ್ಲಿಯ ಮೇಲೆ ಬಿಗಿ ಹಿಡಿತ ಬೇಡ. ಮುಂದಿನ ಚಕ್ರ ಜಾರಿತೋ, ತಕ್ಷಣ ಲಿವರ್ ಸಡಿಲಿಸಿ. ಉದ್ದ ಇಳಿಜಾರಿನಲ್ಲಿ ಪೂರ್ತಿ ಹೊತ್ತು ಬ್ರೇಕ್ ಒತ್ತಿಕೊಂಡೇ ಇರಬೇಡಿ. ಆಗಾಗ ಹಿಡಿದು, ಬಿಟ್ಟು, ಅದಕ್ಕೆ ಆರಲು ಸಮಯ ಕೊಡಿ. ಡಿಸ್ಕ್ ಬ್ರೇಕೂ ಕಾಯುತ್ತೆ, ಇಳಿದು ನಿಂತ ತಕ್ಷಣ ಅದನ್ನ ಬೆರಳಿನಿಂದ ಮುಟ್ಟೋಕೆ ಮಾತ್ರ ಹೋಗ್ಬೇಡಿ.